ಗಾಲಿಯಿಲ್ಲದ ವಾಹನ

ಅಲಾಸ್ಕಾದ ಕಡಲಂಚಿನಲ್ಲಿ ದೋಣಿ ಕೆಟ್ಟಿದ್ದರಿಂದ ಪ್ರವಾಸ ಕಂಪನಿಯವರು ಎಲ್ಲರಿಗೂ ಹೆಲಿಕಾಪ್ಟರ್ ಗೊತ್ತುಮಾಡಿದರು. ಬಾದಾಮಿಯ ನಿವೃತ್ತ ಭೂಗೋಳ ಮಾಸ್ತರ ಪಂಢರೀನಾಥರ ಹೆಂಡತಿ ಕುಮುದಿನಿ, ಹೋಟೆಲಿನಿಂದ ತಂದ ಲಿಂಬೆಹಣ್ಣು ಹಿಡಿದು ಹೆಲಿಕಾಪ್ಟರಿನ ಸುತ್ತ ಒಂದು ಸುತ್ತು ಬಂದರು.

“ಏನ್ರಿ, ಇದಕ್ಕ ಗಾಲಿನೇ ಇಲ್ಲಲ್ಲ. ಲಿಂಬಿಹಣ್ಣು ಯಾತರ ಕೆಳಗ ಇಡ್ಲಿ?”

“ಮಂದಿ ನೋಡ್ಲಿಕ್ಹತ್ಯಾರ, ಒಗಿ ಅದನ್ನ. ಮೂಢನಂಬಿಕಿ ಬಿಡ್ರಿ ಅಂತ ಜನ್ಮಪೂರ್ತಿ ಸಾಲ್ಯಾಗ ಹೇಳಿದಾಂವ ನಾ.”

ಹೆಲಿಕಾಪ್ಟರ್ ನಿರ್ಜನ ಕಾಡು, ಕಡಲು ದಾಟಿ ಹಾರಿ, ಹಿಮನದಿ ಕಾಣಿಸಿದಾಗ ಮಾಸ್ತರರು ಕಿವಿಗೆ ಹಾಕಿದ್ದ ಹೆಡ್‌ಫೋನಿನ ಮೈಕಿನಲ್ಲಿ ಎಲ್ಲರಿಗೂ ಪಾಠ ಶುರುಮಾಡಿದರು. ಗಾಳಿಗೆ ಹೆಲಿಕಾಪ್ಟರ್ ಒಮ್ಮೆಲೇ ಕೆಳಗೆ ಜಗ್ಗಿತು. ಅವರು ಕಣ್ಣು ಮುಚ್ಚಿ ಹೆಂಡತಿಯತ್ತ ಕೈ ಚಾಚಿದರು.

“ಲಿಂಬಿಹಣ್ಣು ಒಗದಿಲ್ಲ ಹೌದಿಲ್ಲೋ?”

“ಇಲ್ಲ.”

“ಕೊಡು ಇಲ್ಲೆ.”

ಮೈಕು ಇನ್ನೂ ಚಾಲೂ ಇತ್ತು. ಹಿಂದಿನ ಸೀಟಿನಿಂದ ಇಳಕಲ್ಲಿನ ಸೀರೆ ವ್ಯಾಪಾರಿಯ ದನಿ ಕೇಳಿಸಿತು:

“ಸರ, ಅರ್ಧಾ ನಮಗೂ ಕೊಡ್ರಿ.”