ಚಾರ್ಜು ಯಾರದು?

"ಇವತ್ತಿಂದ ಈ ಹೊಲಿಗೆ ಸಾಲಿನ ಚಾರ್ಜು ನಿನ್ದೇ ಕಣಮ್ಮ," ಎಂದು ಮ್ಯಾನೇಜರ್ ಹಲ್ಲು ಕಿಸಿದಾಗ, ಆ ಕಾರ್ಖಾನೆಯಲ್ಲಿ ಹನ್ನೆರಡು ವರ್ಷ ಶರ್ಟಿನ ಕಾಲರ್ ಹೊಲಿದಿದ್ದ ಅಕ್ಕ ಹಿಗ್ಗಿದಳು. ಸಂಬಳ ಏರಲಿಲ್ಲ, ಕೊರಳಿಗೊಂದು ಸೂಪರ್‌ವೈಸರ್ ಬಿಲ್ಲೆ ಬಂತು. ಕಿಡಿ ಹಾರುವ ಪ್ಲಗ್‌ಪಾಯಿಂಟನ್ನು ಬದಲಿಸಿ ಎಂದು ಆಕೆ ಮೂರು ಸಲ ಬರೆದುಕೊಟ್ಟಳು. ಮ್ಯಾನೇಜರ್ ಪುಣ್ಯಾತ್ಮ ಅದೇ ಪಾಯಿಂಟಿನಲ್ಲಿ ತನ್ನ ಮೊಬೈಲನ್ನು ಚಾರ್ಜಿಗೆ ಹಾಕಿ ಊಟಕ್ಕೆ ಹೋದ. ಪಕ್ಕದ ಬಟ್ಟೆರಾಶಿ ಹೊತ್ತಿ ಉರಿಯಿತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮರುದಿನ ಚಾರ್ಜ್‌ಶೀಟು ಬಂದದ್ದು ಅಕ್ಕನ ಕೈಗೆ.

"ಚಾರ್ಜು ನಿನ್ದು ತಾನೆ? ಕೆಲಸ ಬಿಟ್ಟು ನಡಿ," ಎಂದು ಮಾಲೀಕರೆದುರು ಮ್ಯಾನೇಜರ್ ಗದರಿದ.

ಬೇರೆ ಯಾರೂ ಮುಟ್ಟಬಾರದೆಂದು ಅವನೇ ತನ್ನ ಹೆಸರು ಕೊರೆದಿಟ್ಟಿದ್ದ, ಆ ಪ್ಲಗ್‌ಪಾಯಿಂಟಿನಲ್ಲೇ ಸಿಕ್ಕ ಅರ್ಧ ಸುಟ್ಟ ಕರಿ ತುಂಡನ್ನು ಅಕ್ಕ ಮೇಜಿನ ಮೇಲೆ ಕುಕ್ಕಿದಳು.

"ಚಾರ್ಜು ನನ್ದೇ ಸಾರ್. ಚಾರ್ಜರ್ರು ನಿಮ್ದು."

ಹೆಸರು ಓದಲು ಮಾಲೀಕರು ಕನ್ನಡಕ ಹಾಕಿಕೊಂಡರು.