ಚಂಪಾಬಾಯಿಯ ಹನ್ನೆರಡು ಮೂಲೆಗಳು

ದುಂಡೇಶ ಅವತ್ತು ಬೆಳಗಿನಿಂದ ಹನ್ನೊಂದನೇ ಸಲ ವೈರು ಚುಚ್ಚಿದ. ತನಗೂ ಹೊಲ ಅಳೆಯುವ ಆ ಜಿಪಿಎಸ್ ಡಬ್ಬಿಗೂ ಪರಿಚಯವೇ ಇಲ್ಲ ಎಂದು ಕಂಪ್ಯೂಟರ್ ಹನ್ನೊಂದನೇ ಸಲವೂ ಸಾಧಿಸಿತು.

"ನಿನ್ನ ಹೆಣಾ ಎತ್ತಲಿ!" ಅಂದ ದುಂಡೇಶ.

ಕಾಡಂಚಿನ ರೈತರಿಗೆ ಅರ್ಜಿ ತುಂಬಿಕೊಡುವ ಒಂದು ಸಣ್ಣ ಸಂಘದ ಕಚೇರಿ ಅದು, ಮುಂಡಗೋಡದಲ್ಲಿ. ದಾಂಡೇಲಿಯ ಪೇಪರ್ ಮಿಲ್ ಕಾಲೊನಿಯಲ್ಲಿ ಬೆಳೆದ ದುಂಡೇಶ ಅಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು, ಹೊಲ ಅಳೆಯುವವನೂ ಅವನೇ. ಎದುರಿನ ಬೆಂಚಿನ ಮೇಲೆ ಮಳಗಿ ಹತ್ತಿರದ ತಾಂಡಾದ ಚಂಪಾಬಾಯಿ ಕೂತಿದ್ದಳು. ಮೂವತ್ತು ವರ್ಷದಿಂದ ಮಾಡಿಕೊಂಡು ಬಂದ ಹೊಲ ಅವಳ ಹೆಸರಿಗೆ ಆಗಬೇಕಾದರೆ ಅರ್ಜಿ ನಕಾಶೆ ಸಮೇತ ನಾಲ್ಕು ಗಂಟೆಯೊಳಗೆ ಹಕ್ಕುಪತ್ರ ಕೊಡುವ ಸಮಿತಿಯ ಮೇಜು ಸೇರಬೇಕು. ಇವತ್ತೇ ಕಡೆಯ ದಿನ. ಹೊಲವೋ, ಆ ಹಾಳು ಡಬ್ಬಿಯೊಳಗೆ ಸಿಕ್ಕಿಕೊಂಡಿತ್ತು.

"ಬಂತೇನ್ರಿ ನನ್ನ ಹೊಲ?"

"ಬರ್ತೈತಿ ಯವ್ವಾ, ತಡಿ."

ಕಂಪ್ಯೂಟರಿನ ಹಿಂದಿನ ತೂತು, ಮುಂದಿನ ತೂತು, ಡಬ್ಬಿಯ ಜೊತೆ ಬಂದ ಸಿಡಿ, ಹೊಸ ಸೆಲ್ಲು, ಎಲ್ಲ ಆಯಿತು. ನಡುವೆ ಕರೆಂಟು ಒಂದು ತಾಸು ಹೋಗಿ ಬಂತು. ಹುಬ್ಬಳ್ಳಿಯ ಅಂಗಡಿಯವನಿಗೆ ಫೋನು ಮಾಡಿದರೆ, "ಬಂದ್ ಮಾಡಿ ಚಾಲೂ ಮಾಡ್ರಿ" ಅಂದ.

"ನಾಕ್ ಸಲ ಮಾಡೇನ್ರಿ!"

"ಹಂಗಾರ ಐದನೇದ್ದು ಮಾಡ್ರಿ" ಎಂದು ಫೋನಿಟ್ಟ, ಪುಣ್ಯಾತ್ಮ.

ಕಡೆಗೆ ದುಂಡೇಶ ಜಿಪಿಎಸ್ಸನ್ನೇ ಕಣ್ಣ ಹತ್ತಿರ ಹಿಡಿದು ನೋಡಿದ. ವೈರು ಸಿಗಿಸುವ ತೂತಿನೊಳಗೆ ಕೆಂಪಗೆ ಏನೋ ಗಟ್ಟಿಯಾಗಿತ್ತು.

"ಯಾವ ಶ್ಯಾಣ್ಯಾ ಇದರಾಗ ಕುಂಕುಮಾ ತುಂಬ್ಯಾನ?"

ಕಸ ಗುಡಿಸುತ್ತಿದ್ದ ಮಾಲವ್ವ ತಲೆ ಎತ್ತಲಿಲ್ಲ. "ನೀವ ರೀ. ಮೊನ್ನಿ ದಸರಾದಾಗ ಖಂಡೇಪೂಜಿ ದಿನಾ ಎಣ್ಣ್ಯಾಗ ಕಲಿಸಿ ಹಚ್ಚಿದ್ರಿ. ಬಾಯಿಗೂ ಒಂದೀಟು ಇರ್ಲಿ ಅಂದ್ರಿ."

ದುಂಡೇಶನಿಗೆ ಎಲ್ಲಿ ಮುಖ ಇಡಬೇಕೋ ತಿಳಿಯಲಿಲ್ಲ. ಚಂಪಾಬಾಯಿ ಬಳೆಗೆ ಸಿಗಿಸಿಕೊಂಡಿದ್ದ ಪಿನ್ನು ಬಿಚ್ಚಿ ಕೊಟ್ಟಳು. ಮೆಲ್ಲಗೆ ಕೆರೆಯಬೇಕಿತ್ತು. ಸಿಟ್ಟಿನ ಕೈ, ಪಿನ್ನು ಟಕ್ ಎಂದು ಮುರಿದು ತುದಿ ಒಳಗೇ ಉಳಿಯಿತು. ಆಗ ಎರಡೂವರೆ.

"ಮುಗೀತು ಯವ್ವಾ. ನಿನ್ನ ಹೊಲಾ ನಾನ ಕಳದೆ" ಎಂದು ಡಬ್ಬಿಯನ್ನು ಮೇಜಿನ ಮೇಲೆ ಇಟ್ಟುಬಿಟ್ಟ.

ಚಂಪಾಬಾಯಿ ಡಬ್ಬಿಯನ್ನು ತಿರುಗಿಸಿ ನೋಡಿದಳು. "ದೀಪಾ ಹತ್ತೇತಲ್ರಿ. ಹೊಲದಾಗ ಮೂಲಿಗೊಮ್ಮೆ ನಿಂತು ಇದರಾಗಿನ ಅಂಕಿ ಓದ್ತಿದ್ರಿ. ಅವೇನು ಅಳಿಸಿ ಹೋಗ್ಯಾವ?"

ದುಂಡೇಶ ಡಬ್ಬಿಯ ಗುಂಡಿ ಒತ್ತಿ ನೋಡಿದ. ಅಳಿಸಿರಲಿಲ್ಲ. ಹನ್ನೆರಡು ಮೂಲೆ, ಹನ್ನೆರಡು ಸಾಲು. ನೋಡಿ ನೋಡಿ ಕಂಪ್ಯೂಟರಿನಲ್ಲಿ ಕೈಯಿಂದ ಒತ್ತಿದರೆ ಹತ್ತು ನಿಮಿಷದ ಕೆಲಸ. ಬೆಳಿಗ್ಗೆಯೇ ಮುಗಿಸಿ ಚಹಾ ಕುಡಿಯಬಹುದಿತ್ತು. ಕಂಪ್ಯೂಟರ್ ಕಲಿತ ತಲೆಗೆ ಇಂಥದ್ದು ಎಲ್ಲಿ ಹೊಳೀಬೇಕು!

ಒತ್ತಿದ. ಪರದೆಯ ಮೇಲೆ ಹೊಲ ಮೂಡಿತು.

"ಇದು ನಂದಲ್ಲ" ಅಂದಳು ಚಂಪಾಬಾಯಿ. "ಮತ್ತಿಮರದ ಮೂಲಿ ಎಲ್ಲೈತಿ? ಅದು ಹೋದ್ರ ನನ್ನ ಬಾವಿ ಹೊರಗ ಬೀಳ್ತೈತಿ."

ದುಂಡೇಶ ಎಣಿಸಿದ. ಹನ್ನೊಂದೇ ಸಾಲಿದ್ದವು, ಅವಸರದಲ್ಲಿ ಏಳನೆಯದು ಬಿಟ್ಟುಹೋಗಿತ್ತು. ಸೇರಿಸಿ ಕಾಗದಕ್ಕೆ ಇಳಿಸಿದ. ಹಾಳೆಯ ನಡುವೆ ಅಂಗೈಯಷ್ಟು ನಕಾಶೆ.

ಅವಳು ಅದರ ಮೇಲೆ ಅಂಗೈ ಇಟ್ಟು ನೋಡಿದಳು. "ಇಷ್ಟನಾ? ಬಗ್ಗಿ ಬಗ್ಗಿ ನನ್ನ ನಡಾನ ಹೋಗೇತಿ. ಇಷ್ಟಕ್ಕನಾ?"

ಅಳತೆ, ಪ್ರಮಾಣ ಅಂತ ಏನೇನೋ ಬಾಯಿಗೆ ಬಂತು. ದುಂಡೇಶ ನುಂಗಿಕೊಂಡ. ನಕಾಶೆಯನ್ನು ಹಿಗ್ಗಿಸಿ ನಾಲ್ಕು ಹಾಳೆಗೆ ಹರಡಿ, ಗೋಂದು ಹಚ್ಚಿ ಜೋಡಿಸಿದ. ಚಂಪಾಬಾಯಿ ಬೆರಳಿಟ್ಟು ಹನ್ನೆರಡೂ ಮೂಲೆ ಸುತ್ತಿ ಬಂದಳು. "ಹಾಂ, ಈಗ ನಂದು. ಏಳ್ರಿ, ಹೋಗೂಣು."

ಇಬ್ಬರೂ ಸಮಿತಿಯ ಕಚೇರಿ ಮುಟ್ಟಿದಾಗ ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಸಮಿತಿಯ ಗುಮಾಸ್ತ ಬಸಲಿಂಗಯ್ಯ ನಕಾಶೆ ಬಿಡಿಸಿದರೆ ಅದು ಅವನ ಪುಟ್ಟ ಮೇಜು ತುಂಬಿ ಕೆಳಗೂ ಇಳಿಯಿತು.

"ಏನಪಾ ಇದು? ಎಲ್ಲಾರೂ ಒಂದ ಹಾಳ್ಯಾಗ ತರ್ತಾರ."

"ಮೂವತ್ತು ವರ್ಷದ್ದೈತ್ರಿ" ಅಂದ ದುಂಡೇಶ. "ಒಂದರಾಗ ಹಿಡೀಲಿಲ್ಲ."

ಬಸಲಿಂಗಯ್ಯ ಒಮ್ಮೆ ಚಂಪಾಬಾಯಿಯ ಬಾಗಿದ ಬೆನ್ನು ನೋಡಿದ. ನಾಲ್ಕೂ ಹಾಳೆಗೆ ಒಂದೊಂದು ಶಿಕ್ಕಾ ಹೊಡೆದ.