ಅತ್ತೆಯ ಪಾಲಿನ ಕೊಬ್ಬು

ಚರ್ಚು ಮುಗಿಸಿ ಬಂದ ಮೋಸೆಸೆ ನೆಲದೊಲೆ ತೆರೆದ. ಟೊಂಗಾದ ನಮ್ಮೂರಲ್ಲಿ ಭಾನುವಾರದ ಊಟವೆಂದರೆ ಕಾದ ಕಲ್ಲಿನ ಮೇಲೆ ಬೆಂದ ಕೆಸುವಿನೆಲೆಯ ಪೊಟ್ಟಣ. ಒಳಗೆ ತೆಂಗಿನ ಹಾಲು, ಕುರಿಯ ಹೊಟ್ಟೆಭಾಗದ ಮಾಂಸ. ಮಾಂಸಕ್ಕಿಂತ ಕೊಬ್ಬೇ ಹೆಚ್ಚು. ಅದರಲ್ಲೂ ಹೆಚ್ಚು ಕೊಬ್ಬಿರುವ ತುಂಡು ಸೋದರತ್ತೆಗೆ ಸಲ್ಲಬೇಕು. ನಮ್ಮ ಪದ್ಧತಿಯಲ್ಲಿ ಮನೆಗೆ ಅವರಿಗಿಂತ ದೊಡ್ಡವರಿಲ್ಲ.

ಲೆಸಿಯೆಲಿ ಅತ್ತೆ ತಟ್ಟೆಯನ್ನು ದೂಡಿದರು. ಅವರ ಪಾದಕ್ಕೆ ಪಟ್ಟಿ ಕಟ್ಟಿತ್ತು. ಸಕ್ಕರೆ ಕಾಯಿಲೆ, ಹೆಬ್ಬೆರಳಿನ ಗಾಯ ಕಪ್ಪಾಗಿತ್ತು. ಪಾದ ಉಳಿಯುತ್ತದೋ ಇಲ್ಲವೋ ಹೇಳಲಾಗದು ಎಂದಿದ್ದರು ಡಾಕ್ಟರು.

"ಇದ್ಯಾರಿಗೋ?"

"ನಿಮಗೇ ಅತ್ತೆ. ಟೀಗೆ ಒಂದು ಹರಳು ಸಕ್ಕರೇನೂ ಹಾಕಿಲ್ಲ, ಆಣೆ!"

"ಸಕ್ಕರೆ ತಪ್ಪಿಸಿ ಕೊಬ್ಬು ತಿನ್ಸು! ಸಾಯಿಸೋದ್ರಲ್ಲೂ ಮರ್ಯಾದೆ ನಿಂದು."

"ಕೊಬ್ಬಿಗೂ ಸಕ್ಕರೆಗೂ ಏನತ್ತೆ ಸಂಬಂಧ?"

ಅತ್ತೆ ಸಿಡಿದರು. "ನರ್ಸಮ್ಮ ಬಿಡಿಸಿ ಹೇಳುವಾಗ ಆಚೆ ನಿಂತು ಹಲ್ಲು ಕಿರೀತಿದ್ದೆ. ಈಗ ಕೇಳು. ಉಂಡದ್ದು ಸಕ್ಕರೆಯಾಗಿ ರಕ್ತಕ್ಕೆ ಬರುತ್ತೆ. ಅದನ್ನ ಹೆಚ್ಚು ಎಳ್ಕೊಳ್ಳೋದು ತೊಡೆ, ತೋಳಿನ ಸ್ನಾಯು. ಮೈಯಲ್ಲೇ ಹುಟ್ಟೋ ಇನ್ಸುಲಿನ್ ರಸ ಬಂದು 'ಬಾಗಿಲು ತೆಗಿ' ಅಂತ ಕೂಗ್ಬೇಕು, ಸ್ನಾಯು ತೆಗೀಬೇಕು. ದಿನಾ ಇಂಥ ಕೊಬ್ಬು, ಸಿಹಿ ತಿಂದೂ ತಿಂದೂ ಸ್ನಾಯುವಿನೊಳಗೇ ಜಿಡ್ಡು ಸೇರಿದ್ರೆ ಅದು ಕಿವುಡಾಗುತ್ತೆ. ಕೂಗಿದ್ದೇ ಬಂತು! ಸಕ್ಕರೆ ರಕ್ತದಲ್ಲೇ ಉಳಿದು ನನ್ನ ಕಾಲು ಕೊಳೆಸ್ತಿದೆ."

"ಬರೀ ಮೀನು, ಸೊಪ್ಪು ಇಟ್ರೆ ಜನ ಉಗೀತಾರೆ. ಅತ್ತೆಗೆ ಎಲೆ ತಿನ್ಸಿದ ಅಂತಾರೆ."

"ಉಗೀಲಿ! ಹೊರದೇಶದವರು ಬೇಡ ಅಂತ ಬಿಸಾಕೋ ಕುರಿಹೊಟ್ಟೆ ತಂದು ಗೌರವ ಅಂತೀಯಲ್ಲೋ! ಕಾಲು ಹೋದ್ಮೇಲೆ ಆ ಜನ ನನ್ನ ಹೊತ್ಕೊಂಡು ಚರ್ಚಿಗೆ ಹೋಗ್ತಾರಾ? ಈ ಮನೇಲಿ ನನ್ನ ಮಾತಿಗೆ ಎದುರಿಲ್ಲ ತಾನೇ? ಇನ್ಮೇಲೆ ನನ್ನ ಪಾಲು ಮೀನು, ಸೊಪ್ಪು, ಒಂದು ತುಂಡು ಗೆಣಸು. ನಿನ್ನ ಮಕ್ಕಳಿಗೂ ಅದೇ."

ಮೋಸೆಸೆ ಹೆಂಡತಿಯ ಮುಖ ನೋಡಿದ. ಕಲೋ ಗದರಿದಳು: "ನನ್ನೇನು ನೋಡ್ತೀರಿ? ಅತ್ತೆ ಕಾಲು ನೋಡಿ!"

ಅವನು ನೋಡಿದ. ಪಟ್ಟಿಯ ಹೊರಗಿದ್ದ ಬೆರಳ ಮೇಲೆ ನೊಣ ಕೂತಿತ್ತು. ಸ್ಪರ್ಶ ಸತ್ತ ಪಾದ, ಅತ್ತೆಗೆ ಅದು ತಿಳಿಯುತ್ತಲೂ ಇರಲಿಲ್ಲ. ಮೋಸೆಸೆ ತಟ್ಟೆ ಎತ್ತಿಕೊಂಡು ಹಂದಿಗಳ ಕಡೆ ನಡೆದ.

ಮುಂದಿನ ಭಾನುವಾರ ಪೊಟ್ಟಣದಲ್ಲಿ ಮೀನಿತ್ತು. ಔಷಧಿಯೂ ತಪ್ಪಲಿಲ್ಲ. ಹೆಬ್ಬೆರಳು ಹೋಯಿತು, ಪಾದ ಉಳಿಯಿತು.

ನೀವು ಬೆರಳು ಹೋಗುವ ತನಕ ಕಾಯುತ್ತೀರಾ? ಯಾರನ್ನು ಗೌರವಿಸುತ್ತೀರೋ ಅವರ ತಟ್ಟೆಯನ್ನು ಇವತ್ತೇ ನೋಡಿ. ಕೊಬ್ಬು, ಸಿಹಿ ಇಳಿಸಿ. ಸೊಪ್ಪು, ಮೀನು, ಕಾಳು ಬಡಿಸಿ. ಕೈಲಾದವರು ಉಂಡ ಮೇಲೆ ನಡೆಯಿರಿ, ನಡೆದಷ್ಟೂ ಸ್ನಾಯುವಿನ ಕಿವಿ ಚುರುಕಾಗುತ್ತದೆ. ಡಾಕ್ಟರು ಕೊಟ್ಟ ಔಷಧಿ ಬಿಡಬೇಡಿ. ಅವರು ಕಾಲು ಕತ್ತರಿಸುವ ಮೊದಲು ನೀವು ಕೊಬ್ಬು ಕತ್ತರಿಸಿ.